ಲೆಕ್ಕಕ್ಕೆ ಹಿಡಿಯದ ತಿಂಗಳು

ದೇಗಾಂವದ ವೆಂಕಣ್ಣಭಟ್ಟರ ಮನೆಯಲ್ಲಿ ಹಳೆಯ ಪಂಚಾಂಗವನ್ನು ಎಸೆಯುವ ರೂಢಿ ಇರಲಿಲ್ಲ. ವರ್ಷ ಮುಗಿದವು ದೇವರಮನೆಯ ಮಾಡದಲ್ಲಿ ಒಂದರ ಮೇಲೊಂದು ಕೂತಿರುತ್ತಿದ್ದವು. ಅವುಗಳಲ್ಲಿ ೧೯೫೫ರ ಪಂಚಾಂಗದ ಪುಟಗಳಲ್ಲಿ ತಿಥಿಯ ಪಕ್ಕಕ್ಕೆ ದಿನಕ್ಕೊಂದರಂತೆ ಕುಂಕುಮದ ಚುಕ್ಕೆಗಳಿವೆ. ಇಟ್ಟವಳು ಭಟ್ಟರ ಸೊಸೆ ಸುಂದರಾಬಾಯಿ. ನುಂಗಿದ ಒಂದೊಂದು ಗುಳಿಗೆಗೆ ಒಂದೊಂದು ಚುಕ್ಕೆ.

ಸುಂದರಾಬಾಯಿ ಸವದತ್ತಿಯ ಹೆಣ್ಣುಮಗಳು. ತಾಯಿ ಚಿಕ್ಕಂದಿನಲ್ಲೇ ತೀರಿದ್ದರು. ಮದುವೆಯಾದ ವರ್ಷವೇ ತಂದೆ ಸವದತ್ತಿಯ ಮನೆಗೆ ಬೀಗ ಹಾಕಿ ಸೊಲ್ಲಾಪುರದಲ್ಲಿದ್ದ ಮಗನ ಕಡೆಗೆ ಹೋದರು. ತವರು ಅಂತ ಹೋಗಿ ನಾಲ್ಕು ದಿನ ಕೂಡುವ ಜಾಗ ಅಲ್ಲಿಗೆ ಮುಗಿಯಿತು. ಗಂಡ ತ್ರ್ಯಂಬಕ ರಾಮದುರ್ಗದಲ್ಲಿ ಸಾಲಿ ಮಾಸ್ತರ. ತಿಂಗಳಿಗೊಮ್ಮೆ ಶನಿವಾರ ಸಂಜೆ ಬರುತ್ತಿದ್ದ, ಸೋಮವಾರ ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದ. ಅತ್ತೆ ಇರಲಿಲ್ಲ. ಹೀಗಾಗಿ ಆ ದೊಡ್ಡ ಮನೆಯಲ್ಲಿ ಇದ್ದವರು ಇಬ್ಬರೇ, ಆಕೆ ಮತ್ತು ಮಾವ. ಮಾವನ ಎದುರಿಗೆ ನಿಂತು ಮಾತಾಡುವ ಪದ್ಧತಿ ಇಲ್ಲ. ಆಕೆ ಅಡಿಗೆಮನೆಯ ಬಾಗಿಲ ಹಿಂದಿನಿಂದ "ಎಲಿ ಹಾಕೇನ್ರಿ" ಅನ್ನುವಳು. ಅವರು "ಹೂಂ" ಅನ್ನುವರು. ಎಷ್ಟೋ ದಿನ ಆ ಮನೆಯಲ್ಲಿ ಆಡಿದ ಮಾತು ಅಷ್ಟೇ.

ಆದರೆ ಆಕೆ ಮಾತಿನವಳು. ಹಿತ್ತಲ ಬಾವಿಯ ಹತ್ತಿರ ನೀರು ಸೇದುವಾಗ ಆಕಳಿನೊಡನೆ ಮಾತಾಡುವಳು. ಕಿತ್ತೂರಿನ ಬಸ್ಸಿನ ಹಾರ್ನ್ ದೂರದಿಂದ ಕೇಳಿದರೆ "ಇವತ್ತ ಡ್ರಾಯ್ವರಗ ಮನ್ಯಾಗ ಜಗಳ ಆಗೇದ ನೋಡು" ಅಂತ ಅದಕ್ಕೆ ಹೇಳುವಳು. ತ್ರ್ಯಂಬಕ ತಂದುಕೊಟ್ಟ ಹಳೆಯ ಮಾಸಪತ್ರಿಕೆಗಳನ್ನು ಹೊಲಿಗೆ ಬಿಡುವವರೆಗೂ ಓದುವಳು. ಎಂಟು ವರ್ಷ ಹೀಗೇ ಹೋಯಿತು.

ಒಂಬತ್ತನೆಯ ವರ್ಷ ಬಸುರಾದಳು. ನಾಲ್ಕು ತಿಂಗಳು ತುಂಬುವುದರೊಳಗೆ ತಲೆಶೂಲೆ ಸುರುವಾಯಿತು. ಕಣ್ಣ ಮುಂದೆ ಬೆಳ್ಳಿಯ ಹುಳಗಳು ಹಾರಾಡಿದಂತೆ ಆಗುತ್ತಿತ್ತು. ತ್ರ್ಯಂಬಕ ಆಕೆಯನ್ನು ಕಿತ್ತೂರಿನ ತನಕ ಚಕ್ಕಡಿಯಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರ್ ಪಾಂಡುರಂಗ ಅವನ ಸಾಲಿಯ ಗೆಳೆಯ. ರಟ್ಟೆಗೆ ಪಟ್ಟಿ ಸುತ್ತಿ ಗಾಳಿ ಹಾಕಿ ನೋಡಿದ ಡಾಕ್ಟರು ಇನ್ನೊಮ್ಮೆ ಹಾಕಿ ನೋಡಿದರು.

"ವೈನಿ, ರಕ್ತದ ಒತ್ತಡ ಭಾಳ ಅದ," ಅಂದರು. "ಇದು ಸರ್ಪಗಂಧದ ಬೇರಿನ ಗುಳಿಗಿ. ಹೊಸದಾಗಿ ಬಂದಾವ. ದಿನಕ್ಕ ಒಂದು ತಗೋರಿ. ಎಂಟು ತುಂಬಿದ ಕೂಡಲೆ ಬಿಟ್ಟುಬಿಡ್ರಿ. ಬಿಟ್ಟು ನನ್ನ ಕಡೆ ಬರ್ರಿ."

"ಎಂಟರ ಮ್ಯಾಲ ತಗೊಂಡ್ರ ಏನಾಗ್ತದ್ರಿ?"

"ಹೊಸಾ ಔಷಧ, ಪೂರಾ ಯಾರಿಗೂ ಗೊತ್ತಿಲ್ಲ. ಹಡಿಯೋ ಹೊತ್ತಿನ್ಯಾಗ ಮೈಯಾಗ ಇರೋದು ಬ್ಯಾಡ ಅಂತ ನನ್ನ ಅಂದಾಜು."

ಚೀಟಿಯ ಮೇಲೂ ಹಾಗೆಯೇ ಬರೆದರು: ಎಂಟು ತಿಂಗಳು ತುಂಬುವವರೆಗೆ ದಿನಕ್ಕೆ ಒಂದು. ತಾರೀಖು ಬರೆಯಲಿಲ್ಲ.

ಗುಳಿಗೆ ಗುಣ ಕೊಟ್ಟಿತು. ತಲೆಶೂಲೆ ಇಳಿಯಿತು. ಆಕೆ ಮರೆಯಬಾರದೆಂದು ದಿನಾ ಬೆಳಿಗ್ಗೆ ಗುಳಿಗೆ ನುಂಗಿ, ದೇವರ ಮುಂದಿನ ಕುಂಕುಮವನ್ನು ಬೆರಳ ತುದಿಗೆ ಹಚ್ಚಿಕೊಂಡು ಪಂಚಾಂಗದಲ್ಲಿ ಆ ದಿನದ ಮೇಲೆ ಇಡುತ್ತಿದ್ದಳು.

ಆ ವರ್ಷ ಶ್ರಾವಣ ಮುಗಿದು ಭಾದ್ರಪದ ಸುರುವಾಗುವ ಮೊದಲು ಅಧಿಕ ಮಾಸ ಬಂದಿತ್ತು. ಭಟ್ಟರ ಮನೆಯಲ್ಲಿ ಅಧಿಕ ಮಾಸಕ್ಕೆ ಮದುವೆ ಮುಂಜಿವೆ ಇಲ್ಲ, ಹೊಸ ವ್ರತ ಇಲ್ಲ. ದಾನ ಒಂದೇ. ಸೂರ್ಯ ರಾಶಿ ದಾಟದ ಆ ಮೂವತ್ತು ದಿನವನ್ನು ಅವರು ತಿಂಗಳೆಂದು ಎಣಿಸುತ್ತಿರಲಿಲ್ಲ. ಅದು ಮುಗಿದ ದಿನ ಸುಂದರಾಬಾಯಿ ಬಾಗಿಲ ಹಿಂದೆ ನಿಂತು, ನಾಚಿಕೆಯನ್ನು ನುಂಗಿಕೊಂಡು ಕೇಳಿದಳು.

"ಮಾವನವರ, ನನಗ ಎಷ್ಟು ತುಂಬಿದಂಗಾತ್ರಿ?"

ವೆಂಕಣ್ಣಭಟ್ಟರು ಬೆರಳ ಗೆಣ್ಣಿನ ಮೇಲೆ ಎಣಿಸಿದರು. ಮಾಘದಿಂದ ಶ್ರಾವಣದ ತನಕ ಬಂದು ನಿಂತರು.

"ಏಳು ತುಂಬ್ಯಾವ. ಎಂಟು ಇನ್ನ ಸುರು."

"ನಡುವ ಒಂದು ತಿಂಗಳು..."

"ಅಧಿಕ ಲೆಕ್ಕಕ್ಕ ಹಿಡಿಯೋದಿಲ್ಲ."

ಅವತ್ತೇ ಮಧ್ಯಾಹ್ನ ಸೂಲಗಿತ್ತಿ ಸಾವಂತ್ರೆವ್ವ ಹಿತ್ತಲಿಗೆ ಬಂದಿದ್ದಳು. ಊರ ಆಚೆ ಕೇರಿಯವಳು. ದೇಗಾಂವದಲ್ಲಿ ಎಲ್ಲ ಜಾತಿಯ ಕೂಸುಗಳೂ ಆಕೆಯ ಕೈಯಲ್ಲೇ ಭೂಮಿಗೆ ಬಂದಿದ್ದವು. ಕೂಸು ಹುಟ್ಟುವ ತನಕ ಅವಳು ಒಳಗಿನವಳು, ಹುಟ್ಟಿದ ಮೇಲೆ ಮತ್ತೆ ಹೊರಗಿನವಳು. ಹೊಟ್ಟೆಯ ಮೇಲೆ ಅಂಗೈ ಇಟ್ಟು ನೋಡಿ "ಎಂಟು ಮುಗದೈತಿ" ಅಂದಳು. ಸುಂದರಾಬಾಯಿ ಮಾವನ ಲೆಕ್ಕ ಹೇಳಿದಳು. ಸಾವಂತ್ರೆವ್ವ ಸೆರಗನ್ನು ಬಾಯಿಗೆ ಒತ್ತಿ ನಕ್ಕಳು.

"ಹೊಟ್ಯಾಗಿನ ಕೂಸು ಪಂಚಾಂಗ ಓದತೈತೇನ್ರಿ ಬಾಯಾರ?"

"ಭಟ್ಟರ ಮನಿ ಕೂಸು, ಓದಿದ್ರೂ ಓದೀತು," ಅಂದಳು ಸುಂದರಾಬಾಯಿ. ಇಬ್ಬರೂ ನಕ್ಕರು.

ಆಕೆ ಮಾವನ ಮಾತನ್ನೇ ಹಿಡಿದಳು. ಊರಿಗೆಲ್ಲ ಮುಹೂರ್ತ ತೆಗೆದುಕೊಡುವವರು ಮನೆಯ ಸೊಸೆಯ ತಿಂಗಳು ತಪ್ಪಿ ಎಣಿಸುತ್ತಾರೆಂದು ಆಕೆಗೆ ಹೊಳೆಯಲೇ ಇಲ್ಲ. ಕಿತ್ತೂರಿಗೆ ಹೋಗುವವರ ಕೈಯಲ್ಲಿ ಚೀಟಿ ಕೊಟ್ಟು ಬೈಲಹೊಂಗಲದಿಂದ ಇನ್ನೊಂದು ತಿಂಗಳ ಗುಳಿಗೆ ತರಿಸಿಕೊಂಡಳು. ಚುಕ್ಕೆಗಳು ಮುಂದುವರಿದವು.

ಆ ಲೆಕ್ಕದಲ್ಲಿ ಎಂಟು ತುಂಬಲು ಎರಡು ದಿನ ಬಾಕಿ ಇರುವಾಗ, ಪಕ್ಷಮಾಸದ ತ್ರಯೋದಶಿಯ ದಿನ, ಹೆರಿಗೆಯಾಯಿತು. ಗಂಡು. ತೂಕವಾಗಿತ್ತು. ಹುಟ್ಟಿದಾಗ ಒಂದು ಸಲ ಅತ್ತಿತು. ಆಮೇಲೆ ಮೂಗು ಕಟ್ಟಿಕೊಂಡಿತು. ನೆಗಡಿಯಲ್ಲ, ಜ್ವರವಲ್ಲ. ಮೊಲೆಗೆ ಬಾಯಿ ಹಚ್ಚುವುದು, ಉಸಿರು ಸಿಗದೆ ಬಿಡುವುದು, ತುಟಿ ನೀಲಿಯಾಗುವುದು. ಎಬ್ಬಿಸಿದರೂ ಮಂಪರು. ಸಾವಂತ್ರೆವ್ವ ಹತ್ತಿಯ ಬತ್ತಿಗೆ ಎಣ್ಣೆ ಹಚ್ಚಿ ಮೂಗಿನ ಕಟ್ಟು ಬಿಡಿಸಲು ನೋಡಿದಳು, ಬಟ್ಟೆ ಕಾಸಿ ಎದೆಗೆ ಇಟ್ಟಳು, ಎರಡು ರಾತ್ರಿ ಮಲಗದೆ ತೊಡೆಯ ಮೇಲೆ ಎತ್ತರಕ್ಕೆ ಹಿಡಿದುಕೊಂಡು ಕೂತಳು. ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಅದು ಹೋಯಿತು. ಅವತ್ತು ಅಕ್ಟೋಬರ್ ಹದಿನೈದು.

ಬಾಗಿಲ ಆಚೆಯಿಂದ ಮಾವ ಒಂದೇ ಮಾತು ಹೇಳಿದರು. "ಎಂಟರ ಕೂಸು."

ಏಳು ತಿಂಗಳಿಗೆ ಹುಟ್ಟಿದ್ದು ಉಳಿದೀತು, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂದು ಊರಿನವರೆಲ್ಲ ನಂಬಿದವರು. ಯಾರೂ ಬೇರೆ ಕಾರಣ ಹುಡುಕಲಿಲ್ಲ. ಮೈಲಿಗೆ ಕಳೆದ ದಿನ ಬಾಣಂತಿಯ ಕೋಣೆಯಲ್ಲಿದ್ದ ಚಾಪೆ, ಬಟ್ಟೆ, ಉಳಿದ ಗುಳಿಗೆ, ಡಾಕ್ಟರ ಚೀಟಿ ಎಲ್ಲವನ್ನೂ ಗಂಟು ಕಟ್ಟಿ ಹಳ್ಳಕ್ಕೆ ಬಿಟ್ಟರು. ಪಂಚಾಂಗ ದೇವರಮನೆಯದು. ಅದು ಉಳಿಯಿತು.

ಆಮೇಲೆ ಸುಂದರಾಬಾಯಿಗೆ ಊರಲ್ಲಿ ಒಂದು ಹೆಸರು ಬಿತ್ತು, ಎಂಟಕ್ಕ ಹೆತ್ತಾಕಿ. ಎದುರಿಗೆ ಯಾರೂ ಅನ್ನಲಿಲ್ಲ. ಆದರೆ ಓಣಿಯಲ್ಲಿ ಯಾವ ಬಸುರಿಯದಾದರೂ ಕುಬುಸದ ಆರತಿ ಇದ್ದರೆ ಅರಿಷಿಣ ಕುಂಕುಮಕ್ಕೆ ಕರೆಯುವ ಹೆಂಗಸು ಇವರ ಮನೆಯ ಬಾಗಿಲು ದಾಟಿ ಮುಂದೆ ಹೋಗುತ್ತಿದ್ದಳು. ಬಸುರಿಯರು ಬಾವಿಗೆ ಬಂದಾಗ ಆಕೆ ಇದ್ದರೆ ಕೊಡ ಇಳಿಸದೆ ತಿರುಗುತ್ತಿದ್ದರು. ಆಕಳಿನೊಡನೆ ಮಾತಾಡುವುದೂ ನಿಂತಿತು.

ಒಂದು ದಿನ ಸಾವಂತ್ರೆವ್ವ ಹಿತ್ತಲ ಕಲ್ಲಿನ ಮೇಲೆ ಕೂತು ಹೇಳಿದಳು.

"ಬಾಯಾರ, ಆ ಕೂಸಿನ ಉಗುರು ಬೆರಳ ತುದಿ ದಾಟಿದ್ದವು. ಮೈಮ್ಯಾಲಿನ ಕೂದಲಾ ಉದುರಿತ್ತು. ಅದು ತುಂಬಿದ ಕೂಸು. ಮೂಗಿನ ತ್ರಾಸಿಂದ ಹೋತು, ತಿಂಗಳಾ ಕಮ್ಮಿ ಬಿದ್ದಲ್ಲ. ಇದನ್ನ ನಾ ಎಲ್ಲಿ ಬೇಕಾದಲ್ಲಿ ಹೇಳತೇನಿ. ಆದ್ರ ನನ್ನ ಮಾತು ಯಾರು ಕೇಳ್ತಾರ?"

ಅವತ್ತು ಸುಂದರಾಬಾಯಿ ಪಂಚಾಂಗ ತೆಗೆದು ಕೂತಳು. ಅಧಿಕ ಮಾಸದ ಪುಟದ ಮೇಲೂ ಚುಕ್ಕೆಗಳಿದ್ದವು, ಅದರ ಮುಂದಿನ ಪುಟದ ಮೇಲೂ. ಲೆಕ್ಕಕ್ಕಿಲ್ಲ ಅಂದ ತಿಂಗಳಲ್ಲೂ ಗುಳಿಗೆ ಹೊಟ್ಟೆಗೆ ಹೋಗಿತ್ತು. ಬಿಡಬೇಕಾದ ದಿನದಾಚೆಗೆ ಇಪ್ಪತ್ತೇಳು ಚುಕ್ಕೆ.

ತ್ರ್ಯಂಬಕ ಬಂದಾಗ ತೋರಿಸಿದಳು. ಅವನು ಪುಟ ತಿರುವಿ ನೋಡಿ, ಮಡಿಚಿ ಇಟ್ಟು, "ಅಪ್ಪನ ಮುಂದ ಇದನ್ನ ಎತ್ತಬ್ಯಾಡ" ಅಂದ. ಸೋಮವಾರ ಎಂದಿನಂತೆ ರಾಮದುರ್ಗಕ್ಕೆ ಹೊರಟುಹೋದ.

ಆಕೆಗೆ ಬೇಕಾದದ್ದು ಒಂದೇ ಆಗಿತ್ತು. ಆ ಕೂಸು ಒಂಬತ್ತು ತುಂಬಿದ ಕೂಸು, ತನ್ನ ಹೊಟ್ಟೆ ಅದನ್ನು ಅರ್ಧಕ್ಕೆ ಬಿಟ್ಟಿರಲಿಲ್ಲ ಅಂತ ನಾಲ್ಕು ಜನ ಕೇಳುವಂತೆ ಯಾರಾದರೂ ಹೇಳಬೇಕು. ಮಾಸಪತ್ರಿಕೆಯೊಂದರಲ್ಲಿ, ಇಂಥ ಸಾವಿಗೆ ದಾವಾ ಹಾಕಲು ಒಂದೇ ವರ್ಷದ ಅವಧಿ ಎಂದು ಓದಿದಳು. ಕೋರ್ಟಿನ ಮಾತು ಊರೆಲ್ಲ ಕೇಳುತ್ತದೆ ಅನ್ನಿಸಿತು.

ಮರುವರ್ಷದ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ನಾಳೆಗೆ ವರ್ಷ ಮುಗಿಯಿತು ಎಂದುಕೊಂಡು, ಪಂಚಾಂಗವನ್ನು ಸೆರಗಿನಲ್ಲಿ ಸುತ್ತಿಕೊಂಡು ಬೈಲಹೊಂಗಲಕ್ಕೆ ಹೊರಟಳು. ಸಾವಂತ್ರೆವ್ವ ಜೊತೆಗೆ ಬಂದಳು. ಬಸ್ಸಿನಲ್ಲಿ ಒಬ್ಬಳು ಮುಂದೆ ಕೂತಳು, ಒಬ್ಬಳು ಹಿಂದೆ. ಇಳಿದ ಮೇಲೆ ಕೂಡಿ ನಡೆದರು.

ವಕೀಲ ರಾಮಲಿಂಗಪ್ಪನವರು ಎಲ್ಲ ಕೇಳಿಕೊಂಡರು. ಮೊದಲು ಕೇಳಿದ್ದು, "ಕೂಸು ಅತ್ತಿತ್ತೇನ್ರಿ?"

"ಒಂದ್ಸಲ ಅತ್ತಿತ್ರಿ."

"ಅತ್ತಿದ್ರ ಕಾಯದೆಕ್ಕ ಅದು ಮನಷ್ಯಾ. ದಾವಾ ಹಾಕಲಿಕ್ಕೆ ಬರತೈತಿ." ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. "ಅವಸರಿಲ್ಲ. ಕೋರ್ಟು ತಿಥಿ ಕೇಳೂದಿಲ್ಲ, ತಾರೀಖು ಕೇಳತೈತಿ. ಇವತ್ತು ಮೂರು. ಹದಿನೈದರ ತನಕ ಐತಿ, ಇನ್ನೂ ಹನ್ನೆರಡು ದಿನ."

ಮತ್ತೆ ಆ ಎರಡು ಲೆಕ್ಕ. ಸುಂದರಾಬಾಯಿಗೆ ನಗು ಬಂತೋ ಅಳು ಬಂತೋ, ತಲೆ ತಗ್ಗಿಸಿದಳು.

ವಕೀಲರು ಮೂರು ದಾರಿ ಹೇಳಿದರು. ನಿರ್ಲಕ್ಷ್ಯದಿಂದ ಸಾವಾಯಿತೆಂದು ಪೋಲೀಸರಿಗೆ ಫಿರ್ಯಾದಿ ಕೊಡಬಹುದು. ನುಕಸಾನಿಗೆ ದಿವಾಣಿ ದಾವಾ ಹಾಕಬಹುದು. ಡಾಕ್ಟರರ ಮಂಡಳಿಗೆ ಮುಂಬಯಿಗೆ ಬರೆಯಬಹುದು. "ಆದ್ರ ಬರೂ ತಿಂಗಳಾ ಒಂದನೇ ತಾರೀಖಿಗೆ ನಾವು ಮೈಸೂರು ರಾಜ್ಯಕ್ಕ ಸೇರತೇವಿ. ಆ ಕಾಗದ ಎಲ್ಲಿ ಹೋಗತೈತೋ ನನಗ ಹೇಳಾಕಾಗೂದಿಲ್ಲ."

"ಇವುಗಳಾಗ ಯಾವುದರಾಗ ಡಾಕ್ಟರು 'ಹೌದು, ಗುಳಿಗಿಂದ ಆತು' ಅಂತ ಹೇಳ್ತಾರ್ರಿ?"

ರಾಮಲಿಂಗಪ್ಪನವರು ಕನ್ನಡಕ ತೆಗೆದರು. "ಯಾವುದರಾಗೂ ಇಲ್ರಿ ತಾಯಿ. ಡಾಕ್ಟರ ಪರವಾಗಿ ವಕೀಲ ಬರತಾನ. ಎಂಟು ತುಂಬಿದ ಮ್ಯಾಲ ಬಿಡ್ರಿ ಅಂತ ಹೇಳಿದ್ದೆ, ಯಾಕ ಬಿಡಲಿಲ್ಲ ಅಂತ ಕೇಳತಾನ. ತಿಂಗಳಾ ಎಣಿಸಿದವರ್ಯಾರು ಅಂತ ಕೇಳತಾನ. ನಿಮ್ಮ ಮಾವನವರನ್ನ ಕಟಕಟಿಗೆ ಕರೀತಾನ. ಈ ಪಂಚಾಂಗ ನಿಮ್ಮ ಸಾಕ್ಷಿ, ಅವರದೂ ಇದೇ ಸಾಕ್ಷಿ."

"ನನ್ನನ್ನ ಕರಿಯೂದಿಲ್ಲೇನ್ರಿ?" ಅಂದಳು ಬಾಗಿಲಲ್ಲಿ ಕೂತಿದ್ದ ಸಾವಂತ್ರೆವ್ವ.

"ಕರೀತಾರವಾ. ಉಗುರು ನೋಡಿದಾಕಿ ನೀ ಒಬ್ಬಾಕಿನ."

ಅಲ್ಲಿಂದ ಸುಂದರಾಬಾಯಿ ನೆಟ್ಟಗೆ ದವಾಖಾನೆಗೆ ನಡೆದಳು. ದಾವೆಯ ಮಾತು ಮುಚ್ಚಿಡಲಿಲ್ಲ. ಪಂಚಾಂಗ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಡಾಕ್ಟರ್ ಪಾಂಡುರಂಗ ಚುಕ್ಕೆಗಳ ಮೇಲೆ ಬೆರಳು ಆಡಿಸುತ್ತ ಹೋದರು. ಅಧಿಕ ಮಾಸದ ಪುಟಕ್ಕೆ ಬಂದಾಗ ಬೆರಳು ನಿಂತಿತು.

"ಆ ತಿಂಗಳು ನಾ ಅತ್ತಿ ಮನ್ಯಾಗ ಅನಾರಸ ತಿಂದು ಬಂದೀನಿ ವೈನಿ," ಅಂದರು. "ಅಧಿಕದಾಗ ಅಳಿಯಗ ಕೊಡೋ ಮೂವತ್ಮೂರು ಸಿಹಿ ಅನಾರಸ, ಬೆಳ್ಳಿ ತಟ್ಟಿ. ಅಧಿಕ ಮಾಸ ಅಂತ ನನಗ ಗೊತ್ತಿತ್ತು. ನಿಮ್ಮ ಮನ್ಯಾಗ ಅದನ್ನ ಬಿಟ್ಟು ಎಣಿಸ್ತಾರ ಅಂತ ಹೊಳೀಲಿಲ್ಲ. ಚೀಟಿ ಮ್ಯಾಲ ತಾರೀಖು ಹಾಕಿದ್ರ ಮುಗೀತಿತ್ತು."

ಕಪಾಟಿನಿಂದ ಒಂದು ಇಂಗ್ಲಿಷ್ ವೈದ್ಯ ಪತ್ರಿಕೆ ತೆಗೆದರು. ಹೆರಿಗೆಯ ಹತ್ತಿರದ ತನಕ ಆ ಗುಳಿಗೆ ತೆಗೆದುಕೊಂಡ ತಾಯಂದಿರ ಕೂಸುಗಳಿಗೆ ಮೂಗು ಕಟ್ಟುತ್ತದೆ, ಹಾಲು ಕುಡಿಯಲಾಗುವುದಿಲ್ಲ, ಮಂಪರು ಹಿಡಿಯುತ್ತದೆ ಎಂದು ಅದರಲ್ಲಿ ಬಂದಿತ್ತು. "ಮೂರು ತಿಂಗಳಾತು ಓದಿ. ದೇಗಾಂವಕ್ಕ ಬರಬೇಕು ಬರಬೇಕು ಅಂದ್ಕೊಂಡೆ. ಬರಲಿಲ್ಲ."

ಆಮೇಲೆ ಕಾಗದ ತೆಗೆದು ಕನ್ನಡದಲ್ಲಿ ಬರೆದರು. ಸೂಲಗಿತ್ತಿ ಕಂಡ ಉಗುರಿನ ಪ್ರಕಾರ ಕೂಸು ಪೂರ್ಣ ತಿಂಗಳದ್ದು, ಸಾವು ಗುಳಿಗೆಯಿಂದ ಆಗಿರಬಹುದು, ನಿಲ್ಲಿಸುವ ತಾರೀಖನ್ನು ತಾವು ಬರೆದುಕೊಟ್ಟಿರಲಿಲ್ಲ, ರೋಗಿಯ ಮನೆಯಲ್ಲಿ ತಿಂಗಳನ್ನು ಬೇರೆ ರೀತಿ ಎಣಿಸಿದ್ದರು. ಕೆಳಗೆ ಸಹಿ. "ಇದನ್ನ ಕೋರ್ಟಿಗೆ ಕೊಡ್ರಿ, ನಾ ಇಲ್ಲ ಅನ್ನೋದಿಲ್ಲ," ಅಂದರು. "ಆದ್ರ ಒತ್ತಡ ನೋಡಿಸ್ಕೊಂಡು ಹೋಗ್ರಿ." ಆಕೆ ರಟ್ಟೆ ಕೊಡಲಿಲ್ಲ.

ಮರುದಿನ ಅಮಾವಾಸ್ಯೆ, ಅದರ ಮರುದಿನ ಘಟ ಕೂತಿತು. ಮಾವ ದೀಪ ಹಚ್ಚಿ ಹೊರಬರುವಾಗ ಸುಂದರಾಬಾಯಿ ಆ ಕಾಗದವನ್ನು ಪಂಚಾಂಗದೊಳಗಿಟ್ಟು ಅವರ ಮಣೆಯ ಪಕ್ಕದಲ್ಲಿ ಇಟ್ಟಳು. ಅವರು ಓದಿದರು. ತಿರುಗಿ ಪಂಚಾಂಗದೊಳಗೆ ಇಟ್ಟರು. ನವರಾತ್ರಿಯ ಒಂಬತ್ತು ದಿನ ದೀಪಕ್ಕೆ ಎಣ್ಣೆ ಹಾಕುವುದು, ಪಾರಾಯಣ ಮಾಡುವುದು, ಊಟಕ್ಕೆ ಕೂಡುವುದು, "ಹೂಂ" ಅನ್ನುವುದು. ಆಕೆ ಬಾಗಿಲ ಹಿಂದೆ ನಿಂತು ಕಾದಳು. ಅವರು ಸಿಟ್ಟಾಗಿದ್ದರೆ ದಾವಾ ಹಾಕುವುದು ಸುಲಭವಾಗುತ್ತಿತ್ತು.

ದಸರೆಯ ಸಂಜೆ ಬನ್ನಿ ಮುಡಿದು ಬಂದ ಮಾವ, ಹಿರಿಯರು ಕಿರಿಯರಿಗೆ ಕೊಡುವಂತೆ ಸೊಸೆಯ ಮುಂದೆ ಬನ್ನಿ ಎಲೆ ಹಿಡಿದರು. ಆಕೆ ಸೆರಗೊಡ್ಡಿದಳು. ಅವರು ಎಲೆಯನ್ನು ಬಿಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿದರು.

"ಉಗುರು ಬೆಳೆದಿದ್ದವೇನು?"

"ಹೌದ್ರಿ. ಸಾವಂತ್ರೆವ್ವ ನೋಡ್ಯಾಳ."

"ಹಂಗಿದ್ರ ಒಂಬತ್ತು ತುಂಬಿತ್ತು."

ಎಲೆ ಸೆರಗಿಗೆ ಬಿತ್ತು. ಅವರು ಒಳಗೆ ಹೋದರು. ಹತ್ತು ವರ್ಷದಲ್ಲಿ ಅವರು ಬಾಗಿಲಿನ ಅಡ್ಡವಿಲ್ಲದೆ ಆಕೆಯೊಡನೆ ಆಡಿದ ಮೊದಲ ಮಾತು ಅದು. ಕೋರ್ಟಿನ ಬಾಯಿಂದ ಕೇಳಬೇಕೆಂದಿದ್ದ ಮಾತು ಮನೆಯ ಪಡಸಾಲೆಯಲ್ಲಿ ಬಂದಿತ್ತು. ಕೇಳಿದವಳು ಮಾತ್ರ ಆಕೆಯೊಬ್ಬಳೇ.

ಮರುದಿನ ಹದಿನೈದನೇ ತಾರೀಖು, ದಾವಾ ಹಾಕಲು ಕಡೆಯ ದಿನ. ಕಿತ್ತೂರಿನ ಬಸ್ಸಿನ ಹಾರ್ನ್ ಕೇಳಿತು. ಆಕೆ ಬಾವಿಯ ಹತ್ತಿರ ನಿಂತೇ ಇದ್ದಳು. ಒಪ್ಪಿಕೊಂಡ ಮುದುಕನನ್ನು ಕಟಕಟೆಗೆ ನಿಲ್ಲಿಸಲು ಕಾಲು ಏಳಲಿಲ್ಲ ಎಂದು ಬಹಳ ದಿನದ ಮೇಲೆ ಸಾವಂತ್ರೆವ್ವನಿಗೆ ಹೇಳಿದಳು. ಮಾವ ಇವತ್ತಲ್ಲ ನಾಳೆ ಅದನ್ನು ಜನರ ಮುಂದೆ ಹೇಳುತ್ತಾರೆಂದು ನಂಬಿದ್ದಳು. ಯುಗಾದಿಗೆ ಗುಡಿಯಲ್ಲಿ ಪಂಚಾಂಗ ಓದುವಾಗ ಹೇಳಬಹುದು ಎಂದುಕೊಂಡಳು. ಹೇಳಲಿಲ್ಲ. ಮುಂದಿನ ಯುಗಾದಿಗೂ ಇಲ್ಲ. ಕುಬುಸಕ್ಕೆ ಕರೆಯುವವರು ಬಾಗಿಲು ದಾಟಿ ಹೋಗುತ್ತಲೇ ಇದ್ದರು.

೧೯೫೮ರಲ್ಲಿ ಆಕೆ ಮತ್ತೆ ಬಸುರಿ. ಕಾಲು ಬಾತವು, ಬೆಳ್ಳಿಯ ಹುಳಗಳು ಮತ್ತೆ ಬಂದವು. ಸುದ್ದಿ ತಿಳಿದು ಡಾಕ್ಟರ್ ಪಾಂಡುರಂಗ ತಾವಾಗಿ ದೇಗಾಂವಕ್ಕೆ ಬಂದರು. ಬೇರೆ ಔಷಧ ಇದೆ, ಬೆಳಗಾವಿಯ ಆಸ್ಪತ್ರೆಗೆ ಸೇರಿಸೋಣ, ದಿನಾ ನೋಡುತ್ತಾರೆ ಅಂದರು. "ಗುಳಿಗಿ ತಗೊಂಡ್ರ ಕೂಸಿಗೆ ಅಪಾಯ ಅಂತ ಹೆದರೀರಿ. ತಗೊಳದಿದ್ರ ನಿಮಗದ ವೈನಿ, ಕೂಸಿಗೂ ಅದ. ಎರಡೂ ಕಡೆ ಅದ. ಅದಕ್ಕ ನೋಡ್ಕೋತ ಕೊಡಬೇಕು."

"ನಾ ಒಂದು ಸಲ ನುಂಗೀನ್ರಿ," ಅಂದಳು ಆಕೆ. ಅಷ್ಟೇ. ತ್ರ್ಯಂಬಕ ಅತ್ತ. ಆಕೆ ಹೊರಡಲಿಲ್ಲ.

ಆ ವರ್ಷದ ಪಂಚಾಂಗದಲ್ಲೂ ಚುಕ್ಕೆಗಳಿವೆ. ಗುಳಿಗೆಯವಲ್ಲ, ಬರಿಯ ದಿನದವು. ಆ ವರ್ಷ ಶ್ರಾವಣ ಅಧಿಕ. ಅದರ ಪುಟದಲ್ಲಿ ಒಂದು ದಿನವನ್ನೂ ಬಿಟ್ಟಿಲ್ಲ, ದ್ವಾದಶಿಯ ತನಕ. ಅವತ್ತು ಸಾವಂತ್ರೆವ್ವನ ಕೈಗೆ ಹೆಣ್ಣು ಕೂಸು ಬಂತು. ಮೂಗು ಸ್ವಚ್ಛವಿತ್ತು, ಗಟ್ಟಿಯಾಗಿ ಅತ್ತಿತು. ಸುಂದರಾಬಾಯಿ ಉಗುರು ತೋರಿಸೆಂದಳು, ನೋಡಿದಳು. ಆ ಸಂಜೆಯಿಂದ ಆಕೆಗೆ ಮೈ ಸೆಟೆಯುವ ಝಟಕೆ ಸುರುವಾದವು. ಅಧಿಕ ಶ್ರಾವಣದ ಚತುರ್ದಶಿಯ ದಿನ, ಅಮಾವಾಸ್ಯೆಗೆ ಒಂದು ದಿನ ಇರುವಾಗ, ತೀರಿಕೊಂಡಳು. ಮೂವತ್ತು ವರ್ಷವೂ ಆಗಿರಲಿಲ್ಲ.

ಹದಿಮೂರನೆಯ ದಿನ ಪಡಸಾಲೆ ತುಂಬ ಜನ ಕೂತಿದ್ದರು. ಅಂಗಳದ ಕೊನೆಗೆ ಸಾವಂತ್ರೆವ್ವ ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಯಾರೋ ಒಬ್ಬರು ಮೆಲ್ಲಗೆ, "ಇದೂ ಎಂಟರದೇ ಅಲ್ಲೇನು, ಉಳದದ್ದು ಪುಣ್ಯಾ" ಅಂದರು.

ಎಲೆಯ ಮುಂದೆ ಕೂತಿದ್ದ ವೆಂಕಣ್ಣಭಟ್ಟರು ಆಪೋಶನದ ನೀರನ್ನು ಅಂಗೈಯಲ್ಲಿ ಹಾಗೇ ಹಿಡಿದುಕೊಂಡರು.

"ಈ ಹದಿಮೂರು ದಿನದಾಗ ಎರಡು ದಿನ ಅಧಿಕದ್ದು," ಅಂದರು. "ಅವನ್ನೂ ಹಿಡದು ಎಣಿಸೇ ನಾವು ಇವತ್ತ ಇಲ್ಲಿ ಕೂತೇವಿ. ಹೊಟ್ಟ್ಯಾಗಿನ ಕೂಸಿಗೂ ಹಿಡೀಬೇಕಿತ್ತು. ನಾ ಹಿಡೀಲಿಲ್ಲ. ಇದು ಒಂಬತ್ತು ತುಂಬಿದ ಕೂಸು. ಮೊದಲಿನದೂ ಒಂಬತ್ತು ತುಂಬಿದ್ದೇ. ನನ್ನ ಸೊಸಿ ಕಡೆ ತಪ್ಪಿರಲಿಲ್ಲ."

ಅಂಗಳದ ಕೊನೆಯಿಂದ ಸಾವಂತ್ರೆವ್ವ ಅಂದಳು:

"ಇಲ್ಲೀತನಕ ಕೇಳಲಿಲ್ರಿ ಅಜ್ಜಾರ."

ಭಟ್ಟರ ಅಂಗೈಯಿಂದ ನೀರು ಸೋರಿಹೋಗಿತ್ತು. ಅವರು ಪಡಸಾಲೆಯ ಮೆಟ್ಟಿಲ ತನಕ ಬಂದು, ಅಂಗಳದ ಕಡೆಗೆ ಮುಖ ಮಾಡಿ, ಮೊದಲಿನಿಂದ ಎಲ್ಲವನ್ನೂ ಗಟ್ಟಿಯಾಗಿ ಮತ್ತೊಮ್ಮೆ ಹೇಳಿದರು.